ಸರ್ವರು ಬದಲಾದಾಗ ಉಳಿಯದ ನಿಯಮಗಳು

ಹಳೆಯ ಜಾಲತಾಣವೊಂದನ್ನು ಹೊಸ ಸರ್ವರಿಗೆ ವರ್ಗಾಯಿಸುವಾಗ ಕಡತಗಳೆಲ್ಲವೂ ಅಕ್ಷತವಾಗಿ ಬಂದು ಸೇರಬಹುದಾದರೂ, ಅವುಗಳಲ್ಲಿ ಯಾವುದನ್ನು ಚಾಲನೆಗೊಳಿಸಬೇಕು, ಯಾವುದನ್ನು ಇದ್ದಂತೆಯೇ ಓದುಗನಿಗೆ ಒಪ್ಪಿಸಬೇಕು, ಯಾವುದು ಪರರ ಕಣ್ಣಿಗೆ ಬೀಳದಂತೆ ಕಾಯಬೇಕು ಎಂಬ ವಿವೇಕವು ಅವುಗಳೊಡನೆ ತಾನಾಗಿ ಬರುವುದಿಲ್ಲ.

1995ರಲ್ಲಿ ಹೊರಬಂದ ಅಪಾಚೆ ಸರ್ವರು ಆ ವಿವೇಕವನ್ನು ಬಿಡಿಬಿಡಿಯಾಗಿ ಹಂಚಿಡಲು ಎಡೆಗೊಟ್ಟಿತು: ಫೋಲ್ಡರೊಂದರಲ್ಲಿ ‘.ಎಚ್‌ಟಿಆಕ್ಸೆಸ್’ ಎಂಬ ಪುಟ್ಟ ಕಡತವನ್ನಿರಿಸಿ ಅದಕ್ಕೆ ಅನುಮತಿಯಿತ್ತಿದ್ದರೆ, ಕೋರಿಕೆ ಬಂದಾಗಲೆಲ್ಲ ದಾರಿಯಲ್ಲಿನ ಒಂದೊಂದು ಫೋಲ್ಡರನ್ನೂ ನೋಡಿ, ಅಲ್ಲಿ ಬರೆದ ನಿಯಮಗಳನ್ನು ಅದು ಪಾಲಿಸುತ್ತದೆ. ಸಹಸ್ರಾರು ಸಂಪರ್ಕಗಳನ್ನು ಕೆಲವೇ ಪ್ರೊಸೆಸ್‌ಗಳಿಂದ ನಿರ್ವಹಿಸಲೆಂದು ರಷ್ಯದ ಇಗೊರ್ ಸಿಸೊಯೆವ್ ರಚಿಸಿ 2004ರಲ್ಲಿ ಲೋಕಕ್ಕಿತ್ತ ಎಂಜಿನ್‌ಎಕ್ಸ್ ಈ ಹುಡುಕಾಟಕ್ಕೆ ಇಳಿಯುವುದೇ ಇಲ್ಲ. ಆರಂಭದಲ್ಲಿ ತನ್ನ ಕಾನ್ಫಿಗರೇಶನ್ನನ್ನು ಓದಿಕೊಂಡು, ಅದರಲ್ಲಿರುವುದನ್ನಷ್ಟೇ ನಿಯಮವೆಂದು ಬಗೆಯುತ್ತದೆ.

ಇದರ ಪರಿಣಾಮ ಘೋರವಾದುದು. ಹಳೆಯ ತಾಣಗಳಲ್ಲಿ ‘.ಎಚ್‌ಟಿಎಂಎಲ್’ ಎಂದು ಮುಗಿಯುವ ಪುಟಗಳೊಳಗೇ ಪಿಎಚ್‌ಪಿ ಬರೆದು, ‘ಆ್ಯಡ್‌ಹ್ಯಾಂಡ್ಲರ್’ ಎಂಬ ಒಂದೇ ಸಾಲಿನ ಬಲದಿಂದ ಅವನ್ನು ಚಾಲನೆಗೊಳಿಸುವ ರೂಢಿಯಿತ್ತು. ಆ ಸಾಲನ್ನು ಅರಿಯದ ಎಂಜಿನ್‌ಎಕ್ಸ್ ಪುಟವನ್ನು ಸಾಮಾನ್ಯ ದಾಖಲೆಯೆಂದೇ ತಿಳಿದು, ಒಳಗಿರುವ ಡೇಟಾಬೇಸ್ ಪಾಸ್‌ವರ್ಡಿನ ಸಮೇತ, ಕೇಳಿದವರಿಗೆಲ್ಲ ಕಳುಹಿಸಿಬಿಡುತ್ತದೆ. ಎರರ್ ಲಾಗಿನಲ್ಲಿ ಒಂದು ಸಾಲೂ ಮೂಡುವುದಿಲ್ಲ. ಬ್ಯಾಕಪ್ ಫೋಲ್ಡರಿಗೆ ಹಾಕಿದ್ದ ನಿಷೇಧವೂ ಇದೇ ರೀತಿ ಸದ್ದಿಲ್ಲದೆ ಅಳಿಯುತ್ತದೆ.

ಪಿಎಚ್‌ಪಿಯನ್ನು ತಾನೇ ನಡೆಸದ ಎಂಜಿನ್‌ಎಕ್ಸ್ ಆ ಹೊಣೆಯನ್ನು ಪಿಎಚ್‌ಪಿ-ಎಫ್‌ಪಿಎಂ ಎಂಬ ಪ್ರತ್ಯೇಕ ಸೇವೆಗೆ ಫಾಸ್ಟ್‌ಸಿಜಿಐ ಮೂಲಕ ವಹಿಸುತ್ತದೆಯಾದ್ದರಿಂದ, ‘.ಎಚ್‌ಟಿಎಂಎಲ್’ ಪುಟಗಳನ್ನು ಅತ್ತ ಕಳುಹಿಸುವ ಲೊಕೇಶನ್ ನಿಯಮವನ್ನು ಬರೆದರಷ್ಟೇ ಸಾಲದು. ಎಫ್‌ಪಿಎಂ ಅನುಮತಿಸುವ ವಿಸ್ತರಣೆಗಳ ಪಟ್ಟಿಗೂ ಅದನ್ನು ಸೇರಿಸಬೇಕು, ಇಲ್ಲವಾದರೆ ಪ್ರವೇಶ ನಿರಾಕರಣೆಯೇ ಉತ್ತರ.

ಆದರೆ ಹಳೆಯ ಸಡಿಲಿಕೆಗಳನ್ನೆಲ್ಲ ಯಥಾವತ್ತಾಗಿ ನಕಲು ಮಾಡುವುದು ಉಚಿತವೆಂದು ನನಗೆ ತೋರದು. ಆ್ಯಡ್‌ಹ್ಯಾಂಡ್ಲರ್ ಹೆಸರಿನ ನಡುವಿನ ವಿಸ್ತರಣೆಯನ್ನೂ ಗಣಿಸುತ್ತಿದ್ದುದರಿಂದ ‘ಚಿತ್ರ.ಪಿಎಚ್‌ಪಿ.ಜೆಪಿಜಿ’ ಎಂಬ ಕಡತವೂ ಪ್ರೋಗ್ರಾಮಾಗಿ ಓಡಬಹುದಾಗಿತ್ತು. ಹೊಸ ನೆಲೆಯಲ್ಲಿ ಅಪಾಯದ ರೂಪ ಬೇರೆ: ‘.ಪಿಎಚ್‌ಪಿ’ ಎಂದು ಮುಗಿಯುವ ವಿಳಾಸಗಳನ್ನೆಲ್ಲ ಪರೀಕ್ಷಿಸದೆ ದಾಟಿಸಿದಲ್ಲಿ, ‘ಚಿತ್ರ.ಜೆಪಿಜಿ/ಅ.ಪಿಎಚ್‌ಪಿ’ ಎಂಬ ಕೋರಿಕೆಗೆ, ಅಂಥ ಕಡತವಿಲ್ಲದಿದ್ದರೂ, ಪಿಎಚ್‌ಪಿ ಒಂದು ಹೆಜ್ಜೆ ಹಿಂದೆ ಸರಿದು ಚಿತ್ರವನ್ನೇ ಪ್ರೋಗ್ರಾಮೆಂದು ನಡೆಸಲು ಹೊರಡಬಹುದು. ಎಫ್‌ಪಿಎಂನ ಆ ಪಟ್ಟಿ ಇಲ್ಲಿ ರಕ್ಷಕನಾಗುವುದು ನಿಜ; ಆದರೂ ಕಡತವು ವಾಸ್ತವವಾಗಿ ಇದೆಯೇ ಎಂದು ‘ಟ್ರೈ-ಫೈಲ್ಸ್’ನಿಂದ ಮೊದಲೇ ವಿಚಾರಿಸುವುದೂ, ಬಳಕೆದಾರರು ಅಪ್‌ಲೋಡ್ ಮಾಡುವ ಫೋಲ್ಡರಿನಲ್ಲಿ ಪಿಎಚ್‌ಪಿಯನ್ನು ಪೂರ್ತಿಯಾಗಿ ನಿಷೇಧಿಸುವುದೂ ಅವಶ್ಯ. ತರುವಾಯ, ಡಿಎನ್‌ಎಸ್ ಬದಲಿಸುವುದಕ್ಕೆ ಮುನ್ನ, ಹಳೆಯ ವಿಳಾಸಗಳನ್ನು ಒಂದೊಂದಾಗಿ ಹೊಸ ಸರ್ವರಿನಿಂದ ತರಿಸಿ, ಉತ್ತರದ ಪಠ್ಯದಲ್ಲಿ ಪಿಎಚ್‌ಪಿಯ ಆರಂಭಸೂಚಕ ಚಿಹ್ನೆಯೆಲ್ಲಾದರೂ ಉಳಿದಿದೆಯೇ ಎಂದು ಹುಡುಕಬೇಕು.