ಇಸಿಲದ ಶಾಸನವೂ ಸಾಧನಗಳ ವಿವರಣೆಯೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದುದು ವಾಚಕರಿಗೆ ವಿದಿತವೇ ಇದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸಿ, ಚಕ್ರವರ್ತಿಯ ಮಾತನ್ನು ಅವರಿಗೆ ತಿಳಿಸಿದ ಆಜ್ಞೆಯದು. ಬ್ರಹ್ಮಗಿರಿಯ ಪಾಠದಲ್ಲಿ 256 ಎಂಬ ಅಂಕವೊಂದಿದೆ. ಯಾವುದರ 256? ಬಂಡೆ ಅದನ್ನು ಹೇಳುವುದಿಲ್ಲ. ಅದು ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳ ಲೆಕ್ಕವೆಂದು ಬ್ಯೂಲರ್ ಮೊದಲಾದ ವಿದ್ವಾಂಸರು ಬಗೆದಿದ್ದರು. ಬಿಹಾರದ ಸಹಸ್ರಾಮ್‌ನ ಪಾಠದಲ್ಲಿ ಇದೇ ಸಂಖ್ಯೆಯೊಡನೆ ‘ರಾತ್ರಿ’ ಎಂಬರ್ಥದ ‘ಲಾತಿ’ ಎಂಬ ಮಾತಿರುವುದನ್ನು ಗುರುತಿಸಿದ ಮೇಲೆ, ಇವು ಪ್ರವಾಸದಲ್ಲಿ ಕಳೆದ ರಾತ್ರಿಗಳೆಂಬ ಅಭಿಪ್ರಾಯವು ಬಲಗೊಂಡಿತು. ಬರೆಸಿದವನಿಗೆ ಅತಿ ಸ್ಪಷ್ಟವಾಗಿದ್ದ ಒಂದು ಪದವು ಬಿಟ್ಟುಹೋದುದರ ಫಲವಿದು.

ಈ ಹಳೆಯ ತೊಡಕು ಇಂದು ಹೊಸದೊಂದು ರಂಗದಲ್ಲಿ ತಲೆದೋರಿದೆ. ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳು ಈಗ ಕೋಡ್ ಬರೆಯುವ ಕೆಲಸದಲ್ಲಿ ತೊಡಗಿವೆ. ಕಡತವನ್ನು ಓದುವುದು, ತಿದ್ದುವುದು, ಪರೀಕ್ಷೆಗಳನ್ನು ನಡೆಸುವುದು ಮುಂತಾದ ಕಾರ್ಯಗಳಿಗಾಗಿ ಅವುಗಳಿಗೆ ‘ಸಾಧನ’ಗಳನ್ನು ಒದಗಿಸಲಾಗುತ್ತದೆ. 2024ರಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಸಂಪ್ರದಾಯದಲ್ಲಿ ಪ್ರತಿಯೊಂದು ಸಾಧನಕ್ಕೂ ಹೆಸರು, ವಿವರಣೆ, ಒದಗಿಸಬೇಕಾದ ಅಂಶಗಳ ಪಟ್ಟಿ ಇವು ಇರುತ್ತವೆ. ಸಾಧನದ ಒಳಗಿನ ರಚನೆಯು ಸಾಮಾನ್ಯವಾಗಿ ಏಜೆಂಟಿಗೆ ಗೋಚರಿಸದು. ಈ ಕೆಲವು ಸಾಲುಗಳನ್ನೋದಿಯೇ ಅದು ಯಾವುದನ್ನು, ಎಂದು, ಹೇಗೆ ಬಳಸಬೇಕೆಂದು ನಿರ್ಧರಿಸುತ್ತದೆ. ಸಹೋದ್ಯೋಗಿಯಾದರೆ ಸಂದೇಹ ಬಂದಾಗ ಎದ್ದು ಬಂದು ಕೇಳಿಯಾನು. ಏಜೆಂಟು ಹಲವು ವೇಳೆ ಕೇಳದೆ, ಊಹಿಸಿ ಮುಂದುವರಿಯುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರ ಸಂಘವೊಂದರ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕೆಲಸವನ್ನು ಏಜೆಂಟಿಗೆ ಒಪ್ಪಿಸಿದೆ. ಒಂದು ಸಾಧನದ ವಿವರಣೆ ಹೀಗಿದೆ: ‘ಹಳೆಯ ಕಡತವನ್ನು ತೆಗೆಯುತ್ತದೆ.’ ಬಾಗಿಲು ತೆಗೆಯುವುದೆಂದರೆ ತೆರೆಯುವುದು. ಕಳೆ ತೆಗೆಯುವುದೆಂದರೆ ಕಿತ್ತುಹಾಕುವುದು. ಕಡತವನ್ನು ಓದಲು ತೆರೆಯುವೆನೆಂದು ತಿಳಿದ ಏಜೆಂಟು ಕಳೆದ ವರ್ಷದ ಲೆಕ್ಕವನ್ನೇ ಅಳಿಸಿಬಿಟ್ಟೀತು. ಇನ್ನೊಂದು ಸಾಧನವು ‘ಉದ್ದ: 6’ ಎಂದು ಬಯಸುತ್ತದೆ. ಆರು ಗಜವೆಂದರೆ ಸುಮಾರು ಐದೂವರೆ ಮೀಟರು. ಮಾನವನ್ನು ಹೇಳದಿದ್ದರೆ ಪ್ರತಿ ಸೀರೆಗೂ ಅರ್ಧ ಮೀಟರಿನ ತಪ್ಪು ಬೀಳುವುದು. ಯಂತ್ರವು ಎಲ್ಲಿಯೂ ದೋಷವನ್ನು ಸೂಚಿಸದು. ಬ್ರಹ್ಮಗಿರಿಯ 256 ಇಲ್ಲಿ ಮರುಕಳಿಸಿದಂತಾಯಿತು.

ಆದುದರಿಂದ ವಿವರಣೆಯಲ್ಲಿ ಇರಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಮೊದಲನೆಯದಾಗಿ, ಸಾಧನವು ಏನು ಮಾಡುತ್ತದೆಂಬುದನ್ನು ಒಂದೇ ಅರ್ಥ ಕೊಡುವ ಕ್ರಿಯಾಪದದಿಂದ ಹೇಳಬೇಕು. ಎರಡನೆಯದಾಗಿ, ಅದನ್ನು ಯಾವಾಗ ಬಳಸಬೇಕು, ಯಾವಾಗ ಬಳಸಕೂಡದು ಎಂಬುದನ್ನು ತಿಳಿಸಬೇಕು; ಒಂದನ್ನೊಂದು ಹೋಲುವ ಎರಡು ಸಾಧನಗಳಿದ್ದಲ್ಲಿ ಇದು ಅತ್ಯಗತ್ಯ. ಮೂರನೆಯದಾಗಿ, ಪ್ರತಿ ಅಂಶದ ಮಾನ, ರೂಪ ಮತ್ತು ಮಿತಿಗಳನ್ನು ಕಾಣಿಸಬೇಕು. ನಾಲ್ಕನೆಯದಾಗಿ, ಹಿಂದಿರುಗಿ ಬರುವ ಉತ್ತರದ ಸ್ವರೂಪವನ್ನೂ, ಕಾರ್ಯವು ವಿಫಲವಾದಾಗ ಮುಂದೇನು ಮಾಡಬೇಕೆಂಬುದನ್ನೂ ಹೇಳಬೇಕು. ಐದನೆಯದಾಗಿ, ಮರಳಿ ಸರಿಪಡಿಸಲಾಗದ ಕಾರ್ಯವಾದರೆ ಅದನ್ನು ಮುಚ್ಚುಮರೆಯಿಲ್ಲದೆ ನುಡಿಯಬೇಕು. ಆದರೆ ಇಂಥ ಕಾರ್ಯಕ್ಕೆ ಎಚ್ಚರಿಕೆಯ ಮಾತೊಂದೇ ಸಾಲದು, ಮನುಷ್ಯನ ಅನುಮತಿಯನ್ನು ಪಡೆಯುವ ಏರ್ಪಾಡೂ ಇರಬೇಕು.

ಹಾಗೆಂದು ವಿವರಣೆಯನ್ನು ಲಂಬಿಸುವುದೂ ಸಲ್ಲದು. ಎಲ್ಲ ಸಾಧನಗಳ ವಿವರಣೆಗಳೂ ಏಜೆಂಟು ಒಮ್ಮೆಗೆ ಗ್ರಹಿಸಬಲ್ಲ ಪಠ್ಯದ ಒಂದು ಪಾಲನ್ನು ಆಕ್ರಮಿಸುತ್ತವೆ. ಅನಾವಶ್ಯಕವಾದ ಮಾತು ಹೆಚ್ಚಿದಷ್ಟೂ ಆವಶ್ಯಕವಾದುದು ಮರೆಯಾಗುತ್ತದೆ.

ಅಧ್ಯಾಪಕರು ತರಗತಿಯಲ್ಲಿ ಒಂದು ಸುಲಭವಾದ ಪರೀಕ್ಷೆಯನ್ನು ನಡೆಸಬಹುದು. ಒಬ್ಬ ವಿದ್ಯಾರ್ಥಿ ಬರೆದ ವಿವರಣೆಯನ್ನು, ಕೋಡನ್ನು ಕಾಣದ ಇನ್ನೊಬ್ಬನಿಗೆ ಕೊಟ್ಟು, ಪ್ರಶ್ನೆ ಕೇಳದೆ ಸಾಧನವನ್ನು ಬಳಸಲು ಹೇಳಬೇಕು. ಅವನು ಎಲ್ಲಿ ತಡೆದು ನಿಲ್ಲುವನೋ, ಎಲ್ಲಿ ಊಹೆಗಿಳಿಯುವನೋ ಅಲ್ಲಿ ಒಂದು ಪದ ಬಿಟ್ಟುಹೋಗಿದೆಯೆಂದು ತಿಳಿಯಬೇಕು. ಅದನ್ನು ತುಂಬಿದ ಬಳಿಕ ಹೊಸ ಓದುಗನೊಬ್ಬನಿಂದ ಮತ್ತೊಮ್ಮೆ ಪರೀಕ್ಷಿಸಬೇಕು. ಇಸಿಲದ ಅಂಕವನ್ನು ಅರಿಯಲು ನಮಗೆ ಸಹಸ್ರಾಮ್‌ನ ಬಂಡೆ ನೆರವಾಯಿತು. ಏಜೆಂಟಿನ ಮುಂದೆ ಅಂಥ ಎರಡನೆಯ ಪಾಠವಿರುವುದಿಲ್ಲ.