ಎರೆ ಹೊಲಕ್ಕೆ ಉಸುಕಿನ ಹೊದಿಕೆ

ಗದಗ ಜಿಲ್ಲೆಯ ರೋಣ, ಗಜೇಂದ್ರಗಡದ ಸೀಮೆಯಲ್ಲಿ, ಪಕ್ಕದ ಯಲಬುರ್ಗಾದ ಕಡೆಯೂ, ಕೆಲವು ಹೊಲಗಳು ಹೊಸಬರ ಕಣ್ಣಿಗೆ ಮೋಸ ಮಾಡುತ್ತವೆ. ಸುತ್ತಲೂ ಕಪ್ಪು ಎರೆ ಭೂಮಿ. ನಡುವೆ ಒಂದೇ ಒಂದು ಹೊಲ ಬತ್ತಿದ ಹಳ್ಳದ ಪಾತ್ರದಂತೆ ಮಾಸಲು ಬಣ್ಣದ್ದು, ತುಂಬೆಲ್ಲ ಉಸುಕು, ಹರಳು. ನೆರೆ ಬಂದು ಹಾಳುಗೆಡವಿದ ಹೊಲವಿರಬೇಕು ಎಂದುಕೊಂಡರೆ ತಪ್ಪಾಯಿತು. ಆ ಉಸುಕನ್ನು ರೈತರೇ ಹಳ್ಳದಿಂದ ಹೇರಿ ತಂದು ಹಾಸಿದ್ದಾರೆ.

ಎರೆ ಭೂಮಿಯ ಗುಣ ಬಲ್ಲವರಿಗೆ ಇದರ ಜಾಣತನ ತಿಳಿಯುತ್ತದೆ. ಈ ಮಣ್ಣಿನ ಜಿಗುಟು ಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಮಳೆ ಹಿಡಿದರೆ ಮೇಲ್ಪದರ ಮುಚ್ಚಿಕೊಂಡು, ಒಳಗಿಳಿಯಬೇಕಾದ ನೀರು ಮಣ್ಣನ್ನೂ ಕರೆದುಕೊಂಡು ಹಳ್ಳಕ್ಕೆ ಓಡುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಈ ನಷ್ಟ ಸಣ್ಣದಲ್ಲ. ಕೆಸರಾದ ಹೊಲಕ್ಕೆ ಎತ್ತು ಇಳಿಸಲಾಗದೆ ಮುಂಗಾರಿ ಬಿತ್ತನೆ ತಪ್ಪುವುದೂ ಉಂಟು. ಅದಕ್ಕೇ ಹಿಂದಿನವರು ಅನೇಕ ಕಡೆ ಮುಂಗಾರಿಯನ್ನು ಬಿಟ್ಟುಕೊಟ್ಟು, ಹೊಲ ಹರಗಿಟ್ಟು, ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಯನ್ನೇ ನಂಬಿದ್ದರು.

ಉಸುಕಿನ ಹೊದಿಕೆ ಈ ಲೆಕ್ಕವನ್ನೇ ಬದಲಿಸುತ್ತದೆ. ಹನಿಯ ಪೆಟ್ಟನ್ನು ಉಸುಕು ತಾನು ತಿನ್ನುತ್ತದೆ. ನೀರು ಹರಳಿನ ಸಂದಿಯಲ್ಲಿ ನಿಧಾನವಾಗಿ ಇಳಿದು ಎರೆಗೆ ಸೇರುತ್ತದೆ. ಮೇಲೆ ಬಿಸಿಲು ಬಿದ್ದರೂ ಕೆಳಗಿನ ತೇವ ಬೇಗ ಹಾರುವುದಿಲ್ಲ, ಬಿರುಕೂ ಕಡಿಮೆ. ಒಂದೆರಡು ವಾರ ಮಳೆ ಇಲ್ಲದ ದಿನಗಳಲ್ಲಿ ಇಂಥ ಹೊಲದಲ್ಲಿ ಕೈಯಿಂದ ಕೆದರಿದರೆ ಮೊದಲು ಸಿಗುವುದು ಒಣಗಿ ಬಿಸಿಯಾದ ಹರಳು. ಅದರಡಿ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವ ಹಸಿ ಮಣ್ಣು. ಮಳೆ ನಿಂತ ಸ್ವಲ್ಪ ಹೊತ್ತಿಗೇ ಹೊಲಕ್ಕೆ ಇಳಿಯಬಹುದು. ಹೀಗಾಗಿ ಮುಂಗಾರಿಗೆ ಹೆಸರು ಅಥವಾ ಶೇಂಗಾ, ಹೆಸರು ಬಿಡಿಸಿದ ಮೇಲೆ ಹಿಂಗಾರಿಗೆ ಜೋಳ, ಕಡಲೆ ಎಂದು ಎರಡು ಬೆಳೆಯ ಆಸೆ ಇಟ್ಟುಕೊಳ್ಳಬಹುದು. ಒಂದು ಕಟ್ಟುಪಾಡು ಮಾತ್ರ ಇದೆ: ನೇಗಿಲು ಆಳಕ್ಕೆ ಹೂಡುವಂತಿಲ್ಲ. ಕುಂಟೆಯಲ್ಲೇ ಮೇಲುಮೇಲೆ ಹರಗಬೇಕು. ಉಸುಕು ಎರೆಯೊಳಗೆ ಬೆರೆತರೆ ಹೊದಿಕೆಯ ಗುಣವೇ ಹೋಗುತ್ತದೆ. ಜತನ ಮಾಡಿದರೆ ಒಮ್ಮೆ ಹಾಸಿದ್ದು ಬಹುಕಾಲ ಬಾಳುತ್ತದೆ.

ಈ ಜಾಣತನ ನಮ್ಮ ಸೀಮೆಯದಷ್ಟೇ ಅಲ್ಲ. ಚೀನಾದ ಗಾನ್ಸು ಪ್ರಾಂತ್ಯದ ಲಾನ್‌ಝೌ ಸುತ್ತಲಿನ ರೈತರು ಶತಮಾನಗಳಿಂದ ಹೊಲಕ್ಕೆ ಹರಳು ಹಾಸಿ ಕಲ್ಲಂಗಡಿ ಬೆಳೆಯುತ್ತಾರೆ. ಸ್ಪೇನ್‌ಗೆ ಸೇರಿದ ಲಾನ್ಸರೋಟೆ ದ್ವೀಪದಲ್ಲಿ 1730ರ ದಶಕದ ಜ್ವಾಲಾಮುಖಿ ಉಗುಳಿದ ಹರಳಿನ ಹೊದಿಕೆಯಡಿ ದ್ರಾಕ್ಷಿ ಬೆಳೆಯುತ್ತದೆ. ಒಬ್ಬರನ್ನೊಬ್ಬರು ಕಾಣದ ರೈತರು ಒಂದೇ ಉತ್ತರಕ್ಕೆ ಬಂದು ನಿಂತದ್ದು ಬೆರಗಿನ ಸಂಗತಿ.

ನಮ್ಮ ಕಡೆ ಈ ಪದ್ಧತಿಯನ್ನು ದಾಖಲಿಸಿದವರಲ್ಲಿ ಬಳ್ಳಾರಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಇದ್ದಾರೆ. 1954ರಲ್ಲಿ ಶುರುವಾದ ಈ ಕೇಂದ್ರದ ಮುಖ್ಯ ಕೆಲಸವೇ ಎರೆ ಭೂಮಿಯದು. ಒಡ್ಡಿನ ವಿಷಯದಲ್ಲೂ ಎರೆಯ ಲೆಕ್ಕ ಬೇರೆಯೇ. ಹಳೆಯ ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಬರ ಪರಿಹಾರವೆಂದರೆ ಸಮಪಾತಳಿ ಒಡ್ಡು. ಆಳವಾದ ಎರೆಯಲ್ಲಿ ಅಂಥ ಒಡ್ಡಿನ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ, ಕಡೆಗೆ ಒಡ್ಡೂ ಒಡೆಯುತ್ತದೆ. ಹೆಚ್ಚಿನ ನೀರು ಮೆಲ್ಲಗೆ ಹೊರಹೋಗುವಂತೆ ಒಡ್ಡಿಗೇ ಸಣ್ಣ ಇಳಿಜಾರು ಕೊಡಬೇಕು ಎಂಬುದು ಸಂಶೋಧನೆಯಿಂದ ಬಂದ ಪಾಠ.

ಇದೆಲ್ಲ ಮಳೆ ನಂಬಿದ ಎರೆಯ ಮಾತು. ಕಾಲುವೆ ಕಂಡ ನರಗುಂದದ ಕಥೆ ಬೇರೆ. ಅಲ್ಲಿಗೆ ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ ಹೇರಿದ್ದರ ಸಿಟ್ಟು 1980ರ ಜುಲೈ 21ರಂದು ಗೋಲಿಬಾರಿನಲ್ಲಿ ಕೊನೆಗೊಂಡು, ರಾಜ್ಯದ ರೈತ ಚಳವಳಿಗೆ ಕಿಚ್ಚು ಹಚ್ಚಿತು. 2015ರಿಂದ ಕಳಸಾ-ಬಂಡೂರಿ ನೀರಿನ ಯೋಜನೆಗಾಗಿ ನಡೆದ ದೀರ್ಘ ಧರಣಿಯೂ ಇದೇ ಊರಿನದು. ನೀರು ಬಾರದ್ದು ಒಂದು ಸಂಕಟವಾದರೆ, ಬಂದ ಕಡೆ ಎರೆ ಹೊಲಕ್ಕೆ ಮಿತಿಮೀರಿ ಹಾಯಿಸಿದ್ದರಿಂದ ಸವಳು-ಜವಳು ಹುಟ್ಟಿದ್ದು ಇನ್ನೊಂದು. ನವಲಗುಂದ ತಾಲ್ಲೂಕಿನ ಬೆಳವಟಗಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ನೀರು ನಿರ್ವಹಣಾ ಸಂಶೋಧನಾ ಕೇಂದ್ರ ಇರುವುದು ಇದಕ್ಕಾಗಿಯೇ: ಎಷ್ಟು ನೀರು, ಯಾವಾಗ, ಯಾವ ಬೆಳೆಗೆ. ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸುವಂಥ ಸರಳ ಉಪಾಯವೂ ಎರೆಯಲ್ಲಿ ದೊಡ್ಡ ಉಳಿತಾಯ. ಕಾಲುವೆಯ ಹೋರಾಟಕ್ಕೆ ಸಿಕ್ಕ ಗಮನದಲ್ಲಿ ಕಾಲುಪಾಲೂ ಈ ಕೆಲಸಕ್ಕೆ ಸಿಗಲಿಲ್ಲ ಎಂಬುದು ಬೇಸರದ ಮಾತು.

ಉಸುಕಿನ ಹೊದಿಕೆಗೂ ಈಗ ಕಷ್ಟಕಾಲ. ಎಕರೆಗೆ ಮೂರು ಇಂಚು ಹಾಸಬೇಕೆಂದರೆ ಹತ್ತಿರ ಹತ್ತಿರ 11,000 ಘನ ಅಡಿ ಉಸುಕು ಬೇಕು. ನೂರು ಘನ ಅಡಿಯ ಟ್ರೇಲರ್‌ನಲ್ಲಿ ನೂರಕ್ಕೂ ಹೆಚ್ಚು ಲೋಡು. ಮನೆ ಕಟ್ಟುವವರ ಪೈಪೋಟಿಯಲ್ಲಿ ಉಸುಕಿಗೆ ಬಂಗಾರದ ಬೆಲೆ. ಹಳ್ಳವನ್ನು ಬರಿದು ಮಾಡಿದರೆ ಅಕ್ಕಪಕ್ಕದ ಬಾವಿಗಳ ಅಂತರ್ಜಲ ಇಳಿಯುವ ಭಯವೂ ಸುಳ್ಳಲ್ಲ. ಇರುವ ಉಸುಕಿನ ಹೊಲಗಳನ್ನು ಕಾಪಾಡಬೇಕು, ಎಲ್ಲರಿಗೂ ಇದೇ ದಾರಿ ಎನ್ನಲಾಗದು.

ಉಳಿದವರಿಗೆ ವಿಜಯಪುರದ ಒಣಬೇಸಾಯ ಕೇಂದ್ರದ ಚೌಕುಮಡಿ ಇದೆ. 1930ರ ದಶಕದಿಂದ ಮಳೆಯಾಶ್ರಿತ ಬೇಸಾಯವನ್ನೇ ಅಭ್ಯಾಸ ಮಾಡುತ್ತ ಬಂದ ಆ ಕೇಂದ್ರ, ಮುಂಗಾರಿನಲ್ಲಿ ಹೊಲವನ್ನು ಸಣ್ಣ ಸಣ್ಣ ಚೌಕಗಳಾಗಿ ಕಟ್ಟಿ, ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸಿ, ಹಿಂಗಾರಿ ಜೋಳಕ್ಕೆ ಹಸಿ ಕೂಡಿಡುವ ಪದ್ಧತಿಯನ್ನು ಹಳ್ಳಿಗಳಿಗೆ ಮುಟ್ಟಿಸಿತು. ಇದಕ್ಕೆ ಬೇಕಾದದ್ದು ಒಂದು ಜೋಡೆತ್ತು ಅಥವಾ ಟ್ರ್ಯಾಕ್ಟರು, ಬದು ಕಟ್ಟುವ ಒಂದು ಸಾಧನ, ಸಕಾಲದಲ್ಲಿ ಒಂದೆರಡು ದಿನದ ದುಡಿಮೆ. ಮಾಹಿತಿಗೆ ಗದಗ ಬಳಿಯ ಹುಲಕೋಟಿಯ ಕೆ. ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರವಿದೆ. ಧಾರವಾಡದ ಕೃಷಿ ಮೇಳ ಹಿಂಗಾರಿ ಬಿತ್ತನೆಗೆ ಮುಂಚೆ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಚೌಕುಮಡಿಯ ಕೆಲಸಕ್ಕೆ ಮಾತ್ರ ಅಷ್ಟು ದಿನ ಕಾಯುವಂತಿಲ್ಲ. ಜೂನ್, ಜುಲೈನ ಹದ ಸಿಕ್ಕಾಗಲೇ ಮಡಿ ಕಟ್ಟಿ ಮುಗಿಸಬೇಕು.