ಹಳೇ ಡೆಕ್ಕಿಗೆ ಹೊಸ ಕಿವಿ

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿದರೆ ಆಂಧ್ರದ ಗೋರಂಟ್ಲ ಮಂಡಲದ ಪಾಲಸಮುದ್ರ ಸಿಗುತ್ತದೆ. ಇನ್ನೂ ಮುಂದೆ, ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ ಕಿಯಾ ಕಾರ್ಖಾನೆ. ಅಲ್ಲಿ ತಯಾರಾಗಿ 2019ರಲ್ಲಿ ಮಾರುಕಟ್ಟೆಗೆ ಬಂದ ಸೆಲ್ಟೋಸ್ ಕಾರು, ಫೋನಿಗೆ ತಾನಾಗಿ ಜೋಡಿಕೊಳ್ಳುವ ದೊಡ್ಡ ಪರದೆಯೊಂದಿಗೇ ರಸ್ತೆಗಿಳಿಯಿತು. ಹೆದ್ದಾರಿ ಬಿಟ್ಟು ಗೋರಂಟ್ಲ, ಹಿಂದೂಪುರದ ಕಡೆ ಹೊರಳಿದರೆ ಹಳೇ ಓಮ್ನಿ, ಸುಮೊ, ಬೊಲೆರೊಗಳು ಇನ್ನೂ ದುಡಿಯುತ್ತಿವೆ. ಎಂಜಿನ್ ಗಟ್ಟಿ, ಸ್ಪೀಕರ್ ಸರಿ, ಡೆಕ್ಕಿನ ನಾಬು ತಿರುಗುತ್ತದೆ. ಹಾಕಲು ಕ್ಯಾಸೆಟ್ ಮಾತ್ರ ಇಲ್ಲ. ಹಾಡೆಲ್ಲ ಫೋನಿನಲ್ಲಿದೆ. ಫೋನಿನ ಹಾಡನ್ನು ವೈರಿಲ್ಲದೆ ಆ ಹಳೇ ಡೆಕ್ಕಿಗೆ ಕೇಳಿಸುವ ಕೆಲಸ ಇವತ್ತು ಆಟೋ ಎಲೆಕ್ಟ್ರಿಷಿಯನ್ನರ ಕಸುಬಿನ ಒಂದು ಭಾಗವೇ ಆಗಿದೆ.

ಗಾಡಿಯಲ್ಲಿ ಹಾಡು ಕೇಳುವ ಆಸೆಗೆ ಹತ್ತಿರ ಹತ್ತಿರ ನೂರು ವರ್ಷ. ಅಮೆರಿಕದಲ್ಲಿ ಮೊಟೊರೋಲಾ ಕಾರ್ ರೇಡಿಯೊ ಬಂದದ್ದು 1930ರಲ್ಲಿ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ಹೊರತಂದ ಮೇಲೆ ಕೇಳುವ ಹಾಡನ್ನು ಆರಿಸುವ ಹಕ್ಕು ಚಾಲಕನ ಕೈಗೆ ಬಂತು. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ ಯುಗವನ್ನೇ ತೆರೆಯಿತು. 1983ರ ಕೊನೆಗೆ ಮಾರುತಿ 800 ಬಂತು. ಈ ಗಡಿಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಹತ್ತಿರದವು. ಕಾಕಿನಾಡದ ಪಿ.ಬಿ. ಶ್ರೀನಿವಾಸ್ ರಾಜ್‌ಕುಮಾರ್ ಅವರಿಗೆ ದನಿಯಾದರು, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಎರಡೂ ಭಾಷೆಯವರಿಗೆ ಮನೆಯವರೇ ಆದರು. ಆ ದನಿಗಳನ್ನೆಲ್ಲ ನುಡಿಸಿದ ಡೆಕ್ಕನ್ನು ಗುಜರಿಗೆ ಹಾಕಲು ಮನಸ್ಸು ಬಾರದಿರುವುದು ಸಹಜ.

ಮನಸ್ಸಿನ ಮಾತು ಬಿಟ್ಟರೂ ಅಳತೆಯ ತೊಡಕು ಇದ್ದೇ ಇದೆ. ಹಳೇ ಡೆಕ್ಕಿನ ಕಿಂಡಿ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಈಗಿನ ಟಚ್‌ಸ್ಕ್ರೀನ್ ಸೆಟ್‌ಗಳಲ್ಲಿ ಹೆಚ್ಚಿನವು ಅದರ ಎರಡರಷ್ಟು ಎತ್ತರ. ಕೂರಿಸಬೇಕೆಂದರೆ ಎಷ್ಟೋ ಗಾಡಿಗಳಲ್ಲಿ ಡ್ಯಾಶ್‌ಬೋರ್ಡನ್ನೇ ಕೊಯ್ಯಬೇಕು. ಕೊಯ್ದದ್ದು ಮತ್ತೆ ಕೂಡುವುದಿಲ್ಲ. ಆದ್ದರಿಂದಲೇ “ಅಣ್ಣಾ, ಸೆಟ್ ಅದೇ ಇರ್ಲಿ, ಫೋನಿನ ಹಾಡು ಬರೋ ಹಂಗೆ ಮಾಡಿಕೊಡು” ಎನ್ನುವ ಗಿರಾಕಿಯ ಮಾತಿನಲ್ಲಿ ನ್ಯಾಯವಿದೆ.

ಇದಕ್ಕೆ ಎಲ್ಲಕ್ಕಿಂತ ಸುಲಭದ ದಾರಿ ಎಫ್‌ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಿದರೆ ಫೋನಿನ ಹಾಡನ್ನು ಬ್ಲೂಟೂತ್‌ನಲ್ಲಿ ಹಿಡಿದು ಪುಟ್ಟ ರೇಡಿಯೊ ಕೇಂದ್ರದಂತೆ ಬಿತ್ತರಿಸುತ್ತದೆ. ಅದಕ್ಕೆ 87.5ರಿಂದ 108 ಮೆಗಾಹರ್ಟ್ಸ್ ನಡುವೆ ಖಾಲಿ ಜಾಗ ಬೇಕು. ಗೋರಂಟ್ಲದ ಸುತ್ತ ಅಂಥ ಜಾಗ ಹುಡುಕುವುದು ಕಷ್ಟವಲ್ಲ. ಗಾಡಿ ಬೆಂಗಳೂರಿನ ಕಡೆ ಹೊರಟಾಗ ಕಷ್ಟ ಶುರು. ನಗರ ಹತ್ತಿರವಾದಂತೆ 91.1ರ ರೇಡಿಯೊ ಸಿಟಿ, 98.3ರ ಮಿರ್ಚಿ, 102.9ರ ವಿವಿಧ ಭಾರತಿ ಒಂದೊಂದಾಗಿ ಎದ್ದು ಬರುತ್ತವೆ. ನಡುವಿನ ಜಾಗ ಕಿರಿದಾಗಿ ನಿಮ್ಮ ಹಾಡಿನ ಮೇಲೆ ಬೇರೆ ದನಿ ಕೂರುತ್ತದೆ. ಕ್ಯಾಸೆಟ್ ಆಕಾರದ ಅಡಾಪ್ಟರ್ ಇದಕ್ಕಿಂತ ವಾಸಿ. ಅದರೊಳಗೆ ಟೇಪ್ ಇರುವುದಿಲ್ಲ. ಸಣ್ಣ ಕಾಂತ ಸುರುಳಿಯೊಂದು ಹಾಡಿನ ಏರಿಳಿತವನ್ನು ನೇರವಾಗಿ ಡೆಕ್ಕಿನ ಹೆಡ್ಡಿಗೆ ಮುಟ್ಟಿಸುತ್ತದೆ. ಆದರೆ ಡೆಕ್ಕಿನ ಮೋಟಾರು, ಬೆಲ್ಟು ಸರಿಯಿರಬೇಕು. ಮುಂಭಾಗದಲ್ಲಿ ಆಕ್ಸ್ ಕಿಂಡಿ ಇರುವ ಸೆಟ್ಟಾದರೆ ಚಿಂತೆಯೇ ಇಲ್ಲ. ಸಣ್ಣ ಬ್ಲೂಟೂತ್ ರಿಸೀವರ್ ಒಂದನ್ನು ಅಲ್ಲಿಗೆ ಜೋಡಿಸಿದರೆ ಮುಗಿಯಿತು.

ಮೋಟಾರು ಸತ್ತ, ಆಕ್ಸ್ ಇಲ್ಲದ ಡೆಕ್ಕು ಬಂದಾಗಲೇ ಕಸುಬಿನ ಪರೀಕ್ಷೆ. ಡೆಕ್ಕನ್ನು ಹೊರಗೆಳೆದು ಮುಚ್ಚಳ ಬಿಚ್ಚಿದರೆ ವಾಲ್ಯೂಮ್ ಕಂಟ್ರೋಲ್‌ನ ಬೆನ್ನಿಗೆ ಎಡಕ್ಕೆ ಮೂರು, ಬಲಕ್ಕೆ ಮೂರು ಎಂದು ಆರು ಪಿನ್ನುಗಳು. ಪ್ರತಿ ಮೂರರಲ್ಲಿ ಒಂದು ಅರ್ತ್, ನಡುವಿನದು ಆಂಪ್ಲಿಫೈಯರಿಗೆ ಹೋಗುವುದು, ಉಳಿದದ್ದು ಟೇಪ್ ಅಥವಾ ರೇಡಿಯೊದಿಂದ ಹಾಡು ಬರುವ ಬಾಗಿಲು. ಮೆಕ್ಯಾನಿಕ್ ಸೆಟ್ ಆನ್ ಮಾಡಿ ಸ್ಕ್ರೂಡ್ರೈವರಿನ ಮೊನೆಗೆ ಬೆರಳು ತಾಗಿಸಿ ಪಿನ್ನುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗುತ್ತಾನೆ. ಅರ್ತ್ ಮುಟ್ಟಿದರೆ ಸ್ಪೀಕರ್ ಮೌನ. ನಡುವಿನ ಪಿನ್ನಿಗೆ ಗುಂಯ್ ಎನ್ನುತ್ತದೆ. ನಾಬು ತಿರುಗಿಸಿದಂತೆ ಆ ಸದ್ದು ಸರಾಗವಾಗಿ ಏರಿ ಇಳಿಯುವ ಪಿನ್ನೇ ಅವನಿಗೆ ಬೇಕಾದದ್ದು. ಫೋನಿನ ಹಾಡು ಹಿಡಿಯುವ ಪುಟ್ಟ ಬ್ಲೂಟೂತ್ ಬೋರ್ಡಿನ ಎಡ-ಬಲ ತಂತಿಗಳನ್ನು ಅಲ್ಲಿ ಬೆಸೆಯುತ್ತಾನೆ. ಹಳೇ ದಾರಿಯನ್ನು ಹಾಗೇ ಬಿಟ್ಟರೆ ಎರಡು ಹಾಡುಗಳು ಒಂದನ್ನೊಂದು ನುಂಗುತ್ತವೆ. ಅದಕ್ಕೆ ನಡುವೆ ಒಂದು ಸ್ವಿಚ್ಚು, ಆ ಕಡೆ ರೇಡಿಯೊ, ಈ ಕಡೆ ಫೋನು. ನಾಬಿನ ಬದಲು ಐಸಿಯಿಂದ ಸದ್ದು ಏರಿಳಿಸುವ ಸೆಟ್ಟುಗಳಲ್ಲಿ ಈ ವಿಧಾನ ನಡೆಯದು. ಅಲ್ಲಿ ಸರ್ಕ್ಯೂಟನ್ನೇ ಓದಬೇಕಾಗುತ್ತದೆ.

ಕರೆಂಟು ಎಲ್ಲಿಂದ ತೆಗೆಯಬೇಕು ಎಂಬುದೂ ಮುಖ್ಯ. ಡೆಕ್ಕಿನ ಹಿಂದೆ ಸಾಮಾನ್ಯವಾಗಿ ಹಳದಿ ತಂತಿಗೆ ಬ್ಯಾಟರಿಯಿಂದ ಸದಾ ಕರೆಂಟು, ಕೆಂಪು ತಂತಿಗೆ ಕೀ ತಿರುಗಿಸಿದಾಗ ಮಾತ್ರ. ಬೋರ್ಡನ್ನು ಹಳದಿಗೆ ಕೊಟ್ಟರೆ ಅದು ಹಗಲೂ ರಾತ್ರಿ ಬ್ಯಾಟರಿ ಹೀರುತ್ತದೆ. ಕೆಂಪಿಗೇ ಕೊಡಬೇಕು, ದಾರಿಯಲ್ಲಿ ಸಣ್ಣ ಫ್ಯೂಸ್ ಇರಬೇಕು. ಎಂಜಿನ್ ಓಡುವಾಗ ಕಾರಿನಲ್ಲಿ 14 ವೋಲ್ಟ್‌ನಷ್ಟಿರುತ್ತದೆ, ಹೆಚ್ಚಿನ ಬೋರ್ಡುಗಳಿಗೆ ಬೇಕಾದದ್ದು 5. ಆದ್ದರಿಂದ ನಡುವೆ ಕನ್ವರ್ಟರ್ ಬೇಕು. ಲಾರಿಗಳಲ್ಲಿ 24 ವೋಲ್ಟ್, ಅಲ್ಲಿ ಮತ್ತಷ್ಟು ಎಚ್ಚರ. ಬೋರ್ಡನ್ನು ಡೆಕ್ಕಿನ ತಗಡಿನ ಡಬ್ಬಿಯೊಳಗೆ ಅಡಗಿಸಿದರೆ ಫೋನಿನ ಸಿಗ್ನಲ್ಲೇ ಮುಟ್ಟುವುದಿಲ್ಲ. ಮುಂಭಾಗದ ಪ್ಲಾಸ್ಟಿಕ್ಕಿನ ಹಿಂದೆ ಅದರ ಜಾಗ.

ಇಷ್ಟೆಲ್ಲ ಆದ ಮೇಲೂ ಕಾಡುವ ಕಾಯಿಲೆ ಸಿಳ್ಳೆ. ಎಂಜಿನ್ ಆಫ್ ಇದ್ದಾಗ ಹಾಡು ಶುದ್ಧ; ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದಂತೆ ‘ಕುಂಯ್’ ಎನ್ನುವ ಸಣ್ಣ ದನಿ ಏರುತ್ತಾ ಹೋಗುತ್ತದೆ. ಬೋರ್ಡಿಗೆ ಒಂದು ಕಡೆ, ಡೆಕ್ಕಿಗೆ ಇನ್ನೊಂದು ಕಡೆ ಅರ್ತ್ ಸಿಕ್ಕಿದಾಗ ಡೈನಮೊದ ಕಂಪನ ಹಾಡಿನ ತಂತಿಯೊಳಗೆ ನುಸುಳುತ್ತದೆ. ಎರಡಕ್ಕೂ ಒಂದೇ ಜಾಗದಲ್ಲಿ ಅರ್ತ್ ಕೊಡುವುದು ಮೊದಲ ಮದ್ದು. ಅದಕ್ಕೂ ಬಗ್ಗದಿದ್ದರೆ ಐಸೊಲೇಟರ್. ಅದರೊಳಗಿನ ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳು ಹಾಡನ್ನು ತಂತಿಯ ನಂಟಿಲ್ಲದೆ, ಬರೀ ಕಾಂತಶಕ್ತಿಯಿಂದ ದಾಟಿಸುತ್ತವೆ. ಅರ್ತ್‌ನ ಕಂಪನ ಈಚೆಯೇ ಉಳಿಯುತ್ತದೆ. ಹಾಗಾಗಿ ಈ ಕೆಲಸ ಮಾಡಿಸಿದವರು ಎಂಜಿನ್ ಓಡಿಸಿ, ಆಕ್ಸಿಲರೇಟರ್ ಒತ್ತಿ, ಹೆಡ್‌ಲೈಟ್ ಹಾಕಿ ಕೇಳಿಯೇ ದುಡ್ಡು ಎಣಿಸಬೇಕು. ಹಾಡನ್ನು ಹೊರಡುವ ಮುಂಚೆ ಆರಿಸಿಡಬೇಕು. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವುದು ಅಪಾಯವೂ ಹೌದು, ಅಪರಾಧವೂ ಹೌದು.

ಹದಿನೈದು ವರ್ಷ ತುಂಬಿದ ಸ್ವಂತ ಕಾರನ್ನು ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ 5 ವರ್ಷಕ್ಕೆ ಮರುನೋಂದಣಿ ಮಾಡಿಸಬಹುದು. ಗಾಡಿಗೆ ಕಾನೂನು ಕೊಡುವ ಈ ಎರಡನೇ ಆಯುಷ್ಯವನ್ನು ಡೆಕ್ಕಿಗೆ ಮೆಕ್ಯಾನಿಕ್ ಕೊಡುತ್ತಾನೆ. ಬೋರ್ಡಿನ ಬೆಲೆ ಕೆಲವು ನೂರು ರೂಪಾಯಿ ಅಷ್ಟೇ. ಅದಕ್ಕಿಂತ ಕೂಲಿ ಹೆಚ್ಚಾಯಿತೆಂದು ಚೌಕಾಸಿ ಮಾಡುವವರು, ಸರಿಯಾದ ಪಿನ್ನು ಹುಡುಕಿದ, ಸಿಳ್ಳೆಯ ಮೂಲ ಹಿಡಿದ ವಿದ್ಯೆಗೆ ಬೆಲೆ ಕಟ್ಟುವುದನ್ನು ಮರೆಯುತ್ತಾರೆ. ಬೋರ್ಡು ಯಾರು ಬೇಕಾದರೂ ಕೊಂಡು ತರಬಹುದು. ಡ್ಯಾಶ್‌ಬೋರ್ಡ್ ಕೊಯ್ಯದೆ, ಬ್ಯಾಟರಿ ಬರಿದಾಗಿಸದೆ, ಸಿಳ್ಳೆಯಿಲ್ಲದೆ ಹಾಡಿಸುವ ಕೈ ಊರಲ್ಲೇ ಇರಬೇಕಾದರೆ ಆ ಕೈಗೆ ತಕ್ಕ ಕೂಲಿ ಸಿಗಲೇಬೇಕು.